ಸತ್ಯಾಂಶ: ಹಸಿರಾಗಿದ್ದರೆ ಬಟರ್ ಫ್ರೂಟ್ ಕಾಯಿ ಅಂತಲ್ಲ

‘ಗ್ವಾಕಮೋಲೆಗೆ ಸಿಪ್ಪೆ ಕಪ್ಪಾದ ಬಟರ್ ಫ್ರೂಟ್ ಮಾತ್ರ ತಗೊಳ್ಳಿ, ಹಸಿರಾಗಿದ್ದರೆ ಅದು ಕಾಯಿ’ ಅನ್ನೋ ಮೆಸೇಜ್ ಹರಿದಾಡುತ್ತಿದೆ. (ಗ್ವಾಕಮೋಲೆ ಅಂದ್ರೆ ಬಟರ್ ಫ್ರೂಟ್ ತಿರುಳು ಹಿಸುಕಿ ಮಾಡುವ, ಚಟ್ನಿ ಥರದ ಮೆಕ್ಸಿಕನ್ ತಿನಿಸು.) ಕೊಡಗಿನ ಮಟ್ಟಿಗೆ ಇದು ತಪ್ಪು.

ಹಣ್ಣಾದಾಗ ಕಪ್ಪಾಗುವುದು ಮುಖ್ಯವಾಗಿ ಹಾಸ್ ತಳಿ, ಅದು ಕ್ಯಾಲಿಫೋರ್ನಿಯಾದ್ದು, 1935ರಲ್ಲಿ ಪೇಟೆಂಟ್ ಆಗಿದ್ದು. ನಮ್ಮ ಕಾಫಿ ತೋಟಗಳಲ್ಲಿ ಬೀಜದಿಂದ ಬೆಳೆದ ಮರಗಳೇ ಜಾಸ್ತಿ. ಒಂದೊಂದು ಮರದ ಹಣ್ಣು ಒಂದೊಂದು ಥರ: ಕೆಲವು ನೇರಳೆಗೆ ತಿರುಗುತ್ತವೆ, ಎಷ್ಟೋ ಹಣ್ಣು ಪೂರ್ತಿ ಮಾಗಿದರೂ ಹಸಿರಾಗೇ ಇರುತ್ತವೆ. ಅವು ಕಪ್ಪಾಗಲಿ ಅಂತ ಕಾಯುತ್ತಾ ಕೂತರೆ ಒಳಗೆ ಕೊಳೆತೇ ಹೋಗುತ್ತದೆ, ಒಳ್ಳೇ ಹಣ್ಣು ಸುಮ್ನೆ ತಿಪ್ಪೆಗೆ.

ಹಾಗಾಗಿ ಬಣ್ಣ ಬಿಟ್ಟು ಕೈಯಲ್ಲಿ ನೋಡಿ. ಅಂಗೈಯಲ್ಲಿಟ್ಟು ಮೆಲ್ಲಗೆ ಅದುಮಿದಾಗ, ಅದರಲ್ಲೂ ತೊಟ್ಟಿನ ಹತ್ತಿರ, ಸ್ವಲ್ಪ ಮೆತ್ತಗಿದ್ದರೆ ಸಾಕು. ಬೆರಳು ಒಳಗೇ ಇಳಿದರೆ ಬೇಡ. ಸಂತೆಯಲ್ಲಿ ಬೆರಳ ತುದಿಯಿಂದ ಚುಚ್ಚಿ ನೋಡಬೇಡಿ, ಆ ಜಾಗ ಒಳಗೆ ಕಪ್ಪಾಗುತ್ತದೆ, ಮಾರುವವರಿಗೂ ನಷ್ಟ ಅಲ್ವಾ?

ಗಟ್ಟಿ ಸಿಕ್ಕರೂ ಚಿಂತೆ ಇಲ್ಲ. ಬಟರ್ ಫ್ರೂಟ್ ಮರದಲ್ಲಿ ಮೆತ್ತಗಾಗುವುದಿಲ್ಲ, ಕಿತ್ತ ಮೇಲೇ ಮಾಗುವುದು. ಬಾಳೆಹಣ್ಣಿನ ಜೊತೆ ಪೇಪರಲ್ಲಿ ಸುತ್ತಿಟ್ಟರೆ ಬೇಗ ಹಣ್ಣಾಗುತ್ತದೆ. ಮಾಗಿದ ಮೇಲಷ್ಟೇ ಫ್ರಿಜ್‌ಗೆ ಇಡಿ. ತುಂಬಾ ನೀರು ನೀರಾದ ಹಣ್ಣು ಜ್ಯೂಸಿಗಿರಲಿ, ಗ್ವಾಕಮೋಲೆಗೆ ತಿರುಳು ದಪ್ಪಗಿರುವುದೇ ಚೆಂದ.