ಪೌಂಡ್ ಗುರುತಿನ ಕನ್ನಡ

ಧಾರವಾಡದ ಆ ಗ್ರಂಥಾಲಯದ ಡಿಜಿಟಲ್ ಭಂಡಾರದ ಕಥೆ ನಿಮಗೂ ಗೊತ್ತಿರುತ್ತೆ, ಹೆಸರು ಬೇಡ. ಉದ್ಘಾಟನೆಯ ಶಾಲು, ಹಾರ, ಪೇಢೆ ಎಲ್ಲ ಮುಗಿದ ಮೇಲೆ ಜನ ಹುಡುಕೋಕೆ ಕೂತರು, ಪುಸ್ತಕ ಸಿಗಲಿಲ್ಲ. ದೂರು ಹೋಯಿತು. ಉತ್ತರವಾಗಿ ಒಂದು ಸೂಚನಾ ಪತ್ರ ಬಂದಿದೆ: ಕಾಗುಣಿತ ಸರಿ ನೋಡಿ, ಕಡಿಮೆ ಪದ ಹಾಕಿ, ಬ್ರೌಸರ್ ಬದಲಿಸಿ, ಕ್ಯಾಶ್ ಕ್ಲಿಯರ್ ಮಾಡಿ (ಅದು ಟೆಂಡರ್ ಹೊತ್ತಿಗೇ ಆಗಿದೆ). ಕೈಕಾಲು ತೊಳೆದು ಪೂರ್ವಕ್ಕೆ ಮುಖ ಮಾಡಿ ಟೈಪ್ ಮಾಡಿ ಅನ್ನೋದೊಂದು ಬಿಟ್ಟುಹೋಗಿದೆ.

ನಾನು 'ಕನ್ನಡ' ಅಂತ ಮೂರೇ ಅಕ್ಷರ ಹೊಡೆದೆ. ಸೊನ್ನೆ. 1890ರಲ್ಲಿ ಇದೇ ಊರಲ್ಲಿ ಕನ್ನಡಕ್ಕಾಗಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದವರು ಸುಮ್ನೆ ಒದ್ದಾಡಿದರು ಅಂತಾಯ್ತು.

ಕಾರಣ ದೊಡ್ಡದೇನಲ್ಲ. ಇಲ್ಲಿ ಪುಸ್ತಕಗಳ ಹೆಸರು ಹೊಡೆದಿರೋದು 'ನುಡಿ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ. ಆ ಫಾಂಟ್‌ನಲ್ಲಿ ಹೊಡೆದ ಕನ್ನಡ ನೋಡೋಕೆ ಮಾತ್ರ ಕನ್ನಡ. ಕಂಪ್ಯೂಟರ್ ಹೊಟ್ಟೆಯೊಳಗೆ ಅದು ಇಂಗ್ಲಿಷಿನ ಪಿ, ನೆತ್ತಿ ಮೇಲೆ ಗೀಟಿರುವ ಎ, ಆಮೇಲೆ ಪೌಂಡ್ ಗುರುತು, ಹೀಗೆ. ಬ್ರಿಟಿಷರು 1947ರಲ್ಲಿ ಹೋದರು, ಅವರ ಪೌಂಡು ಇನ್ನೂ ನಮ್ಮ 'ನ' ಒಳಗೆ ಕೂತಿದೆ. ನಾವು ಹುಡುಕೋದು ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಕೇತ ಇರುವ ಯೂನಿಕೋಡ್‌ನಲ್ಲಿ. ಎರಡಕ್ಕೂ ಪರಿಚಯವೇ ಇಲ್ಲ.

ಬ್ರಿಟಿಷರು ಅಂದಾಗ ನೆನಪಾಯ್ತು. ಅವರು ಜಿಲ್ಲೆ ಜಿಲ್ಲೆಯ ವಿವರ ಬರೆಸಿದ ಮುಂಬಯಿ ಪ್ರಾಂತದ ಗೆಜೆಟಿಯರ್‌ನಲ್ಲಿ ನಮ್ಮ ಜಿಲ್ಲೆಯದು 22ನೇ ಸಂಪುಟ, 1884ರದ್ದು. ಅದರಲ್ಲಿ ನಮ್ಮೂರು 'ಧಾರವಾರ್'. ಇಂಗ್ಲಿಷಿನಲ್ಲಿ ಕೊನೆಗೆ ಡಿ ಹಾಕಿದರೆ ಬರಲ್ಲ, ಆರ್ ಹಾಕಬೇಕು. ಹುಬ್ಬಳ್ಳಿ ಇಂಗ್ಲಿಷಿನಲ್ಲೂ ಹುಬ್ಬಳ್ಳಿ ಆಗಿದ್ದು 2014ರ ನವೆಂಬರ್ 1ಕ್ಕೆ, ಅದಕ್ಕೂ ಹಿಂದಿನ ಇಂಗ್ಲಿಷ್ ಪುಸ್ತಕ ಬೇಕಾದರೆ 'ಹುಬ್ಳಿ' ಅಂತಲೂ ಹುಡುಕಿ. ಅಂದರೆ ಇತಿಹಾಸ ಓದೋಕೆ ಪುಸ್ತಕ ಬೇಕು, ಪುಸ್ತಕ ಸಿಗೋಕೆ ಮೊದಲೇ ಇತಿಹಾಸ ಗೊತ್ತಿರಬೇಕು. ಎಂಥಾ ಪರೀಕ್ಷೆ ಅಲ್ವಾ!

ಯೂನಿಕೋಡ್‌ನಲ್ಲಿ ಹೊಡೆದವೂ ಎಲ್ಲ ಸಿಗಲ್ಲ. 'ರಾಜ್‌ಕುಮಾರ್' ಅಂತ ಬಿಡಿಸಿ ಬರೆಯೋಕೆ ನಡುವೆ ಕಣ್ಣಿಗೆ ಕಾಣದ ಗುರುತೊಂದು ಬೇಕು. ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಯಂತ್ರಕ್ಕೆ ಹೇಳಿಕೊಡದಿದ್ದರೆ ಗುರುತಿರುವ ಹೆಸರೇ ಬೇರೆ, ಗುರುತಿಲ್ಲದ ಹೆಸರೇ ಬೇರೆ. ಕಾಣದ್ದನ್ನು ಕಾಗುಣಿತದಲ್ಲಿ ಸರಿ ನೋಡೋದು ಹೇಗೆ ಅಂತ ಸೂಚನಾ ಪತ್ರ ಹೇಳಲ್ಲ.

ಹಿಂದೆ ಅಲ್ಲೊಬ್ಬ ಅಟೆಂಡರ್ ಇದ್ದರು. ಹೆಸರು ಅರ್ಧ ಹೇಳಿದರೆ ಸಾಕು, "ಹಸಿರು ರಟ್ಟಿಂದೇನ್ರಿ? ಮ್ಯಾಲಿನ ಸಾಲಿನ್ಯಾಗ ಐತಿ, ಹುಳಾ ತಿಂದಾವ, ಹಗೂರ ತಗೀರಿ" ಅನ್ನುತ್ತಿದ್ದರು. ಯಾರೂ ಅವರನ್ನು ಉದ್ಘಾಟನೆ ಮಾಡಿರಲಿಲ್ಲ.

ತಮಾಷೆ ಸಾಕು. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತೆ, ಅದೂ ಎಷ್ಟೋ ವರ್ಷದಿಂದ. ಶೀರ್ಷಿಕೆಗಳನ್ನು ಬದಲಿಸಿ, ಕನ್ನಡ ಬಲ್ಲವರೊಬ್ಬರು ಕಣ್ಣಾಡಿಸಿ, ಯಂತ್ರ ಹುಡುಕೋ ಪಟ್ಟಿ, ಅಂದರೆ ಇಂಡೆಕ್ಸ್, ಮತ್ತೆ ಕಟ್ಟಬೇಕು. ಪುಟಗಳನ್ನೆಲ್ಲ ಮತ್ತೆ ಸ್ಕ್ಯಾನ್ ಮಾಡಿ ಅಂತ ಯಾರೂ ಕೇಳಿಲ್ಲ. ಆದರೆ ಸ್ಕ್ಯಾನಿಗೆ ಪುಟಕ್ಕಿಷ್ಟು ಅಂತ ಬಿಲ್ ಮಾಡಬಹುದು, ಹೆಸರು ತಿದ್ದಿದರೆ ಯಾರ ಜೇಬಿಗೂ ಏನೂ ಬರಲ್ಲ. ಹಾವೇರಿಯಿಂದ ಬಸ್ ಹತ್ತಿ ಬಂದ ಪಿಎಚ್‌ಡಿ ಹುಡುಗಿಗೆ ಕೌಂಟರಿನಲ್ಲಿ ಪರದೆ ತಿರುಗಿಸಿ "ಇಲ್ಲ ನೋಡಮ್ಮ" ಅಂತ ತೋರಿಸಿ ಕಳಿಸುತ್ತೀರಿ. ಪುಸ್ತಕ ಅದೇ ಕಂಪ್ಯೂಟರಿನೊಳಗೆ ಇದೆ. ಇಲ್ಲ ಅನ್ನಬ್ಯಾಡ್ರಿ ಸಾಹೇಬ್ರ, ನಮಗ ಹುಡುಕಾಕ ಬರಂಗಿಲ್ಲ ಅನ್ರಿ.