ಜೋನಿ ಬೆಲ್ಲಕ್ಕೆ ಮಧುಮೇಹದಲ್ಲಿ ರಿಯಾಯಿತಿ ಇಲ್ಲ

ಆಲೆಮನೆಯ ಕಾಲಕ್ಕೆ ಶಿರಸಿ, ಸಿದ್ದಾಪುರದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಜೋನಿ, ಅಂದರೆ ದ್ರವರೂಪದ ಬೆಲ್ಲದ ಬಗ್ಗೆ ಒಂದು ಸಂದೇಶ ಸುತ್ತುತ್ತಿದೆ: 'ಸಕ್ಕರೆ ವಿಷ, ಜೋನಿ ಬೆಲ್ಲ ಔಷಧ, ಸಕ್ಕರೆ ಕಾಯಿಲೆಯವರೂ ಧಾರಾಳವಾಗಿ ತಿನ್ನಬಹುದು.' ಮೊದಲರ್ಧ ಅತಿರೇಕ, ಉಳಿದರ್ಧ ಅಪಾಯ.

ಬೆಲ್ಲ, ಸಕ್ಕರೆ ಎರಡೂ ಕಬ್ಬಿನ ಹಾಲಿನಿಂದಲೇ ಬಂದವು. ನೂರು ಗ್ರಾಂ ಗಟ್ಟಿ ಬೆಲ್ಲದಲ್ಲಿ ಸುಮಾರು 85 ಗ್ರಾಂ ಸಕ್ಕರೆಯ ಅಂಶವೇ ಇರುತ್ತದೆ. ಜೋನಿಯಲ್ಲಿ ನೀರು ಹೆಚ್ಚಿರುವುದರಿಂದ ಪ್ರಮಾಣ ಸ್ವಲ್ಪ ಇಳಿಯುತ್ತದೆ ನಿಜ. ಆದರೆ ದೋಸೆಗೆ ಅದನ್ನು ಅಳೆದು ಹಾಕಿಕೊಳ್ಳುವವರನ್ನು ನಾನಂತೂ ಕಂಡಿಲ್ಲ. ಅದರಲ್ಲಿನ ಸುಕ್ರೋಸ್ ಕರುಳಿನಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಆ ಗ್ಲೂಕೋಸ್ ಕಾರ್ಖಾನೆಯದೋ ಆಲೆಮನೆಯದೋ ಎಂದು ರಕ್ತ ವಿಚಾರಿಸುವುದಿಲ್ಲ. ಬೆಲ್ಲದಲ್ಲಿ ಕಬ್ಬಿಣ, ಪೊಟ್ಯಾಸಿಯಂ ಇವೆ. ಅವು ರಕ್ತದ ಸಕ್ಕರೆಯ ಏರಿಕೆಯನ್ನು ತಡೆಯುವುದಿಲ್ಲ.

'ಕುಚ್ಚಲಕ್ಕಿ ಗಂಜಿ ಎಷ್ಟು ಉಂಡರೂ ಸಕ್ಕರೆ ಏರದು' ಎಂಬ ಸಾಲೂ ಆ ಸಂದೇಶದಲ್ಲಿದೆ. ಕಾರವಾರ, ಅಂಕೋಲಾದವರಿಗೆ ಇದು ಹಿತವಾಗಿ ಕೇಳಿಸಬಹುದು. ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯ ಅನ್ನಕ್ಕಿಂತ ನಿಧಾನವಾಗಿ ಏರಬಹುದು, ಅಷ್ಟೆ. ಅನ್ನ ಕಾಲು ತಟ್ಟೆಗೆ ನಿಲ್ಲಲಿ. ಅರ್ಧ ತಟ್ಟೆ ಹರಿವೆ, ಬಸಳೆಯಂಥ ತರಕಾರಿ, ಉಳಿದ ಕಾಲು ಮೀನು ಅಥವಾ ಬೇಳೆಯಿರಲಿ.

ಬೆಲ್ಲ ನಿಜಕ್ಕೂ ಔಷಧವಾಗುವ ಸಂದರ್ಭ ಒಂದಿದೆ. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರ ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದು ಬೆವರು, ನಡುಕ ಬಂದಾಗ ಒಂದು ದೊಡ್ಡ ಚಮಚ ಜೋನಿ ಕೊಟ್ಟು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.