ಅದು ಯಾರದ್ದು ಅಪ್ಪಾ?

ಅಕ್ಕನ ಮಗನ ಮದುವೆಗೆಂದು ಮಗಳಿಗೆ ಸ್ಕೂಲು ತಪ್ಪಿಸಿ ಡಿಸೆಂಬರ್ ಮೊದಲ ವಾರವೇ ಬೆಂಗಳೂರಿಗೆ ಬಂದಿದ್ದೆವು. ಬ್ರಿಗೇಡ್ ರೋಡು, ರೆಸಿಡೆನ್ಸಿ ರೋಡು ಕೂಡುವಲ್ಲಿ ಆಟೋ ಸಿಗ್ನಲ್‌ಗೆ ನಿಂತಿತು. ಮಗಳು ಅಲ್ಲಿರುವ ಕಲ್ಲಿನ ಸ್ಮಾರಕ ತೋರಿಸಿ, ‘ಅದು ಯಾರದ್ದು ಅಪ್ಪಾ?’ ಅಂದಳು. ಕಾಲೇಜು ದಿನಗಳಲ್ಲಿ ಅದರ ಪಕ್ಕದಲ್ಲೇ ಗೆಳೆಯರಿಗೆ ಕಾಯುತ್ತಾ ಗಂಟೆಗಟ್ಟಲೆ ನಿಂತವನು ನಾನು. ಒಂದು ದಿನವೂ ಓದಿರಲಿಲ್ಲ. ಆಟೋದವರೇ ನನ್ನ ಮಾನ ಉಳಿಸಿದರು: ‘ಬ್ರಿಟಿಷರ ಕಾಲದ್ದು ಪಾಪು.’

ಮನೆಗೆ ಬಂದು ನೋಡಿದರೆ, ಮೊದಲ ಮಹಾಯುದ್ಧದಲ್ಲಿ ಮಡಿದ ಮದ್ರಾಸ್ ಪಯೊನೀರ್ಸ್ ಸೈನಿಕರದ್ದು.

ಇಷ್ಟು ಚುಚ್ಚುವುದಕ್ಕೆ ಕಾರಣವಿದೆ. ಇಂಗ್ಲೆಂಡಿನಲ್ಲಿ ನಾವಿರುವುದು ಒಂದು ಸಣ್ಣ ಊರು, ನಮ್ಮ ಕಡೆಯ ಹೋಬಳಿಯಷ್ಟಿದೆ. ನವೆಂಬರ್‌ನ ಎರಡನೇ ಭಾನುವಾರ ಚರ್ಚಿನ ಮುಂದೆ ಊರು ನೆರೆಯುತ್ತದೆ. ಹನ್ನೊಂದು ಗಂಟೆಗೆ ಎರಡು ನಿಮಿಷ ಮೌನ. ಆಮೇಲೆ ಕಲ್ಲಿನ ಮೇಲಿರುವ ಹೆಸರುಗಳನ್ನು ಒಂದೂ ಬಿಡದೆ ಗಟ್ಟಿಯಾಗಿ ಓದುತ್ತಾರೆ. ಈ ಸಲ ಮಗಳ ಶಾಲೆಯಲ್ಲಿ ಮಕ್ಕಳಿಗೆ ಒಂದೊಂದು ಹೆಸರು ಹಂಚಿದ್ದರು. ಇವಳ ಪಾಲಿಗೆ ಬಂದವನು ನೌಕಾಪಡೆಯ ಹುಡುಗ. ವಯಸ್ಸು 17. ನಮ್ಮ ಹಿಂದಿನ ಬೀದಿಯವನು, ಮನೆ ನಂಬರು ಸಮೇತ ಗೊತ್ತು. ‘ರಾಯಲ್ ಓಕ್’ ಹಡಗಿನಲ್ಲಿದ್ದ. 1939ರ ಅಕ್ಟೋಬರ್ 14ರ ನಡುರಾತ್ರಿ ಕಳೆದ ಮೇಲೆ ಸ್ಕಾಪಾ ಫ್ಲೋ ಬಂದರಿನೊಳಕ್ಕೇ ನುಸುಳಿದ ಜರ್ಮನ್ ಸಬ್‌ಮರೀನ್ ಅದನ್ನು ಮುಳುಗಿಸಿತು. ಯುದ್ಧ ಶುರುವಾಗಿ ಆರು ವಾರ ಆಗಿತ್ತಷ್ಟೆ. ಸತ್ತವರು 800ಕ್ಕೂ ಹೆಚ್ಚು, ಅವರಲ್ಲಿ ನೂರಕ್ಕೂ ಮಿಕ್ಕಿ ಹದಿನೆಂಟು ತುಂಬದವರು. ಈಗಲೂ ಪ್ರತಿ ವರ್ಷ ನೌಕಾಪಡೆಯವರು ನೀರಿಗಿಳಿದು ಆ ಹಡಗಿಗೆ ಹೊಸ ಬಾವುಟ ಕಟ್ಟಿ ಬರುತ್ತಾರೆ. ನೀರಿನಡಿ, ಯಾರೂ ನೋಡದ ಕಡೆ!

ನಾವು ಬೆಂಗಳೂರಿನಲ್ಲಿದ್ದಾಗಲೇ ಡಿಸೆಂಬರ್ 9 ಬಂತು, ಹೋಯಿತು. 1971ರ ಪಾಕಿಸ್ತಾನ ಯುದ್ಧದಲ್ಲಿ ಅದೇ ದಿನ ದಿಯು ಹತ್ತಿರ ನಮ್ಮ ನೌಕಾಪಡೆಯ ಹಡಗು ‘ಐಎನ್‌ಎಸ್ ಖುಕ್ರಿ’ ಮುಳುಗಿ 18 ಅಧಿಕಾರಿಗಳು, 176 ನಾವಿಕರು ಸತ್ತರು. ಹಡಗು ಬಿಡಲೊಪ್ಪದ ಕ್ಯಾಪ್ಟನ್ ಮುಲ್ಲಾ ಅದರೊಂದಿಗೇ ಹೋದರು. ಮದುವೆಮನೆಯಲ್ಲಿ ಈ ಮಾತೆತ್ತಿದರೆ ಭಾವ, ‘ತಾರಾಲಯದ ಹತ್ತಿರ ಸೈನಿಕ ಸ್ಮಾರಕ ಕಟ್ಟಿದಾರಲ್ಲಪ್ಪ, ಇನ್ನೇನು ಬೇಕು?’ ಅಂದರು. ಕಟ್ಟಿದ್ದಾರೆ, ನಿಜ. ಕಟ್ಟುವುದರಲ್ಲಿ ನಾವು ಯಾವತ್ತೂ ಹಿಂದೆ ಬಿದ್ದವರಲ್ಲ. ಬೆಂಗಳೂರು ಎಂಬ ಹೆಸರು ಮೊದಲು ಸಿಗುವುದೇ ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲಿ, ಕಾಳಗದಲ್ಲಿ ಸತ್ತವರ ಲೆಕ್ಕದಲ್ಲಿ. ಆಮೇಲೆ ಓದುವವರು ಯಾರು? ನಮ್ಮ ಬಡಾವಣೆಯ ಸರ್ಕಲ್ಲಿಗೂ ಒಬ್ಬ ಯೋಧನ ಹೆಸರಿದೆ. ಆ ಬೋರ್ಡಿನ ಮೇಲೆ ಯಾವುದೋ ಅಣ್ಣನ ಹುಟ್ಟುಹಬ್ಬದ ಫ್ಲೆಕ್ಸು.

ರಾತ್ರಿ ಅಮ್ಮನ ಮುಂದೆಯೂ ಇದೇ ರಾಗ ತೆಗೆದೆ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಂಡರು. ‘ನಮ್ಮೂರಲ್ಲೂ ಒಬ್ಬನಿದ್ದ ಕಣೋ, ಎದುರುಮನೆ ಹುಡುಗ. ನೇವಿಗೆ ಸೇರಿದ್ದ. ಎಪ್ಪತ್ತೊಂದರಲ್ಲಿ ಹೋದ.’

ಈ ಮಾತು ಅಮ್ಮ ಯಾವತ್ತೂ ಆಡಿರಲಿಲ್ಲ. ಯಾವ ಹಡಗು ಅಂದರೆ ಗೊತ್ತಿಲ್ಲ. ಆದರೆ ಬೀಡಿ ಸೇದಿದ್ದಕ್ಕೆ ಅವನಪ್ಪ ಹುಣಸೆ ಬರಲಲ್ಲಿ ಹೊಡೆದದ್ದು ಗೊತ್ತು. ಅದೇ ಅಪ್ಪ ಮಗ ಹೋದ ಮೇಲೆ ಪ್ರತಿ ಪಿತೃಪಕ್ಷಕ್ಕೂ ತಾನೇ ಅಂಗಡಿಗೆ ಹೋಗಿ ಒಂದು ಕಟ್ಟು ಬೀಡಿ ತಂದು ಎಡೆಗೆ ಇಡುತ್ತಿದ್ದನಂತೆ. ಪಕ್ಕದಲ್ಲಿ ಬೆಂಕಿಪೊಟ್ಟಣ. ಸಾಯುವವರೆಗೂ.

ಇಂಥದ್ದು ನಮ್ಮ ಇಂಗ್ಲೆಂಡಿನ ಊರಿನ ಕಲ್ಲಿನ ಮೇಲಿಲ್ಲ, ಅಷ್ಟು ಒಪ್ಪಿಕೊಳ್ಳುತ್ತೇನೆ. ಆ ಹದಿನೇಳರ ಹುಡುಗನಿಗೆ ಏನು ಇಷ್ಟವಿತ್ತೆಂದು ಅಲ್ಲಿ ಕೇಳಿದರೆ ಹೇಳುವವರಿಲ್ಲ.

‘ಹೆಸರೇನಮ್ಮ ಅವನದು?’

‘ಪುಟ್ಟ ಅಂತಿದ್ವಿ ಎಲ್ಲರೂ.’ ಸುಲಿಯುತ್ತಿದ್ದ ಕೈ ನಿಂತಿತು. ‘ಸ್ಕೂಲಲ್ಲಿ ಬೇರೆ ಏನೋ ಇತ್ತು. ತಡಿ, ಬೆಳಗ್ಗೆ ನಿಮ್ಮ ದೊಡ್ಡಮ್ಮನ್ನ ಕೇಳ್ತೀನಿ.’